ಗಾಡಿಯ ಹಣೆಬರಹ

ಮನುಷ್ಯನ ಹಣೆಬರಹವನ್ನು ಓದಬಲ್ಲವರು ಈ ಭೂಮಿಯ ಮೇಲೆ ಯಾರೂ ಇಲ್ಲವೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಗಾಡಿಯ ಮಾತು ಹಾಗಲ್ಲ. ಅದರ ಹಣೆಬರಹವನ್ನು ಬ್ರಹ್ಮನ ಬದಲು ಸಾರಿಗೆ ಕಚೇರಿಯವರು ಬರೆಯುತ್ತಾರೆ. ಮುಂದೊಂದು ಹಿಂದೊಂದು ಎಂದು ಎರಡು ಕಡೆ ಬರೆಸುತ್ತಾರೆ. ರಾತ್ರಿಯೂ ಕಾಣಲೆಂದು ಹಿಂದೆ ಒಂದು ದೀಪವನ್ನೂ ಇಡಿಸುತ್ತಾರೆ. ಎರಡು ಅಕ್ಷರ, ಎರಡು ಅಂಕಿ, ಮತ್ತೆ ಒಂದೆರಡು ಅಕ್ಷರ, ಕೊನೆಗೆ ನಾಲ್ಕು ಅಂಕಿ. ಇಷ್ಟನ್ನೇ ಓದಿ, ಗಾಡಿಯಲ್ಲಿ ಕುಳಿತವನ ಕುಲ, ಗೋತ್ರ, ಗುಣ, ನಡತೆ, ಬುದ್ಧಿಯ ಪ್ರಮಾಣ ಇವನ್ನೆಲ್ಲ ಕ್ಷಣಮಾತ್ರದಲ್ಲಿ ಹೇಳಬಲ್ಲ ಜ್ಯೋತಿಷಿಗಳು ನಮ್ಮ ಹೈದರಾಬಾದಿನಲ್ಲಿ ಚೌಕಕ್ಕೊಬ್ಬರಂತೆ ಇದ್ದಾರೆ. ಬೇರೆ ಊರುಗಳಲ್ಲಿ ಇಲ್ಲವೆಂದಲ್ಲ. ಆದರೆ ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡಿಗರಾದ ನಮಗೆ ಇವರ ಪರಿಚಯ ಹೆಚ್ಚು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಇಲ್ಲಿ ನಾವು "ನಾವು" ಎಂದು ಬರೆದುಕೊಳ್ಳುತ್ತಿರುವುದನ್ನು ನೋಡಿ ಓದುಗರು ಯಾರೋ ದೊಡ್ಡ ಮನುಷ್ಯರೆಂದು ತಿಳಿಯಬಾರದು. ನಾವು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಏಕವಚನವನ್ನು ಕಚೇರಿಯಲ್ಲಿ ಮೇಲಿನವರು ಸಾಕಷ್ಟು ದಯಪಾಲಿಸುತ್ತಾರಾದ್ದರಿಂದ ಬಹುವಚನವನ್ನು ಈ ಪತ್ರಿಕೆಯ ಪುಟದಲ್ಲಾದರೂ ಅನುಭವಿಸೋಣವೆಂದು ಆಸೆ, ಅಷ್ಟೇ.

ನಮ್ಮ ಕಚೇರಿಯಲ್ಲಿ ಬೆಳಿಗ್ಗೆ ಮೊದಲು ಬಿಚ್ಚುವ ಕಡತ ರಸ್ತೆಯದು. ಪ್ರತಿಯೊಬ್ಬರೂ ಒಂದೊಂದು ಯುದ್ಧ ಗೆದ್ದು ಬಂದಿರುತ್ತಾರೆ. ಅದರ ವರದಿ ಒಪ್ಪಿಸುವವರೆಗೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ನಲ್ಗೊಂಡದ ನಮ್ಮ ಗೆಳೆಯರು ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿ, "ಇವತ್ತು ಮುಂದೆ ಒಂದು ಕೆ.ಎ. ಗಾಡಿ ಇತ್ತು" ಎನ್ನುತ್ತಾರೆ. ತಡವಾಗಿ ಬಂದುದಕ್ಕೆ ಅದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ. ಅವರ ಸಿದ್ಧಾಂತದ ಪ್ರಕಾರ, ದೀಪ ಹಸಿರಾದ ಮೇಲೆ ಅದು ನಿಜವಾಗಿಯೂ ಹಸಿರೇ ಅಥವಾ ಮಾಯೆಯೇ ಎಂದು ವಿಚಾರ ಮಾಡುವವರು ಕರ್ನಾಟಕದವರು. ಗುಂಟೂರಿನವರೊಬ್ಬರಿದ್ದಾರೆ, ಅವರಿಗೆ ಈ ನಗರದವರ ಮೇಲೆಯೇ ಸಿಟ್ಟು. "ಇಲ್ಲಿಯವರಿಗೆ ರಸ್ತೆ ಎಂದರೆ ಮಾವನ ಮನೆಯ ಅಂಗಳ, ಎಲ್ಲಿ ಬೇಕಾದರೂ ನಿಲ್ಲುತ್ತಾರೆ, ಯಾವ ಕಡೆಯಿಂದ ಬೇಕಾದರೂ ಬರುತ್ತಾರೆ" ಎನ್ನುತ್ತಾರೆ. ಅದಕ್ಕೆ ನಲ್ಗೊಂಡದವರ ಉತ್ತರ ಸಿದ್ಧವಾಗಿಯೇ ಇರುತ್ತದೆ: "ನಿಮ್ಮ ಬೆಜವಾಡದ ಕಡೆಯವರು ಗಾಡಿ ಓಡಿಸುವುದಿಲ್ಲ, ಸಿನಿಮಾ ತೆಗೆಯುತ್ತಾರೆ." ಮಹಾರಾಷ್ಟ್ರದ ಲಾರಿಗಳು ರಸ್ತೆಯ ನಡುವೆ ಆನೆಯಂತೆ ಹೋಗುತ್ತವೆ, ಬಗ್ಗುವುದಿಲ್ಲ ಜಗ್ಗುವುದಿಲ್ಲ ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ, ಲಾತೂರಿನವರು ಯಾರೂ ನಮ್ಮ ಶಾಖೆಯಲ್ಲಿ ಇಲ್ಲದಿರುವುದೇ ಅದಕ್ಕೆ ಕಾರಣವಿರಬೇಕು.

ಹಳೆಯ ನಗರದ ಸಾಹೇಬರೊಬ್ಬರು ಇವೆಲ್ಲವನ್ನೂ ಕೇಳುತ್ತ, ಇರಾನಿ ಚಹಾದಲ್ಲಿ ಉಸ್ಮಾನಿಯಾ ಬಿಸ್ಕತ್ತು ಅದ್ದಿಕೊಂಡು ನಗುತ್ತಾರೆ. ಅವರ ಮತದಲ್ಲಿ ಹೊರಗಿನಿಂದ ಬಂದವರೆಲ್ಲರದೂ ಒಂದೇ ರೋಗ, ಅವಸರ. ಅವರು ಆಟೋ ಹತ್ತಿದರೆ ಚಾಲಕನಿಗೆ ಹೇಳುವ ಮೊದಲ ಮಾತೇ "ಹಲ್ಲೂ ಹಲ್ಲೂ ಚಲೋ" ಎಂದು. ದಖನಿ ಉರ್ದುವಿನಲ್ಲಿ ಹಲ್ಲೂ ಎಂದರೆ ಮೆಲ್ಲಗೆ. ಮೈಸೂರಿನ ಕಡೆಯ ನಮ್ಮ ನೆಂಟರೊಬ್ಬರು ಮೊದಲ ಸಲ ಬಂದಾಗ ಈ ಮಾತು ಕೇಳಿ, ಈ ಊರಿನ ರಸ್ತೆಯಲ್ಲಿ ಹಲ್ಲು ಉಳಿಸಿಕೊಳ್ಳುವುದು ಕಷ್ಟವೆಂದು ಎಚ್ಚರಿಕೆ ಕೊಡುತ್ತಿದ್ದಾರೆಂದು ತಿಳಿದಿದ್ದರು. ಚಾರ್‌ಮಿನಾರಿನಿಂದ ಮರಳಿ ಬರುವ ಹೊತ್ತಿಗೆ, ಅರ್ಥ ಹಾಗೆ ಮಾಡಿದರೂ ತಪ್ಪಿಲ್ಲವೆಂದು ಅವರಿಗೆ ತೋರಿತಂತೆ.

ಈ ಸಭೆಯಲ್ಲಿ ಕನ್ನಡಿಗರು ನಾವೊಬ್ಬರೇ. ನಮ್ಮ ಮೋಟಾರು ಸೈಕಲ್ಲಿನ ನಂಬರು ತೆಲಂಗಾಣದ್ದೇ ಆದರೂ, ನಗರದೊಳಗೆ ಕಾಲಿಟ್ಟ ಕರ್ನಾಟಕದ ಸಮಸ್ತ ಗಾಡಿಗಳ ಪಾಪಕ್ಕೂ ಸಮಜಾಯಿಷಿ ಕೊಡಬೇಕಾದವರು ನಾವು. ಬೇಗಂಪೇಟೆಯಲ್ಲಿ ಯಾರೋ ಬಳ್ಳಾರಿಯವರು ದಾರಿ ತಪ್ಪಿದರೆ ಮಲಕಪೇಟೆಯ ನಾವು ತಲೆ ತಗ್ಗಿಸಬೇಕು!

ಇದು ನಮ್ಮ ಊರಿನದೊಂದೇ ಕಥೆಯಲ್ಲ. ಬೆಂಗಳೂರಿನ ನಮ್ಮ ನೆಂಟರನ್ನು ಕೇಳಿದರೆ, ಅಲ್ಲಿಯ ಸಕಲ ಸಂಕಟಗಳಿಗೂ ಕಾರಣ ಆಂಧ್ರದ ನಂಬರಿನ ದೊಡ್ಡ ಬಿಳಿಯ ಕಾರುಗಳು ಮತ್ತು ತಮಿಳುನಾಡಿನ ನಂಬರಿನ ಸರಕಿನ ಗಾಡಿಗಳು ಎನ್ನುತ್ತಾರೆ. ಕಡಲಾಚೆಯೂ ಹೀಗೆಯೇ. ಅಮೆರಿಕೆಯ ಈಶಾನ್ಯದ ಪುಟ್ಟ ಸಂಸ್ಥಾನಗಳಲ್ಲಿ ಒಂದು ಬೆಳಗಿನ ದಾರಿಯಲ್ಲೇ ಎರಡು ಮೂರು ಗಡಿ ದಾಟಬಹುದು. ಅಲ್ಲಿ ಮೆಸಚೂಸೆಟ್ಸಿನ ನಂಬರು ಕಂಡರೆ ನೆರೆಯ ನ್ಯೂ ಹ್ಯಾಂಪ್‌ಶೈರಿನವರು ಹುಬ್ಬು ಗಂಟಿಕ್ಕುತ್ತಾರೆ. ಆ ಸಂಸ್ಥಾನದ ಹೆಸರಿಗೆ ಒಂದು ಒರಟು ಬೈಗುಳವನ್ನು ಬೆಸೆದು ಅಲ್ಲಿಯ ಚಾಲಕರಿಗೆ ಇಟ್ಟ ಅಡ್ಡಹೆಸರು ಎಷ್ಟು ಬಳಕೆಗೆ ಬಂದಿತೆಂದರೆ, 2015ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರೇ ಅದನ್ನು ಸೇರಿಸಿಕೊಂಡರು. ನ್ಯೂ ಜೆರ್ಸಿಯಲ್ಲಿ ಪೆಟ್ರೋಲನ್ನು ಬಂಕಿನ ಆಳೇ ಹಾಕಬೇಕು, ಗಾಡಿಯವನು ತಾನೇ ಹಾಕಿಕೊಳ್ಳಕೂಡದು ಎಂದು 1949ರಿಂದ ಕಾನೂನು ಇದೆ. ಆದಕಾರಣ ಜೆರ್ಸಿಯವರಿಗೆ ಪೆಟ್ರೋಲ್ ಹಾಕಲು ಬರುವುದಿಲ್ಲವೆಂದು ಸುತ್ತಲಿನವರು ನಗುತ್ತಾರೆ. ಪಿಟ್ಸ್‌ಬರ್ಗ್ ಊರಿನಲ್ಲಿ ದೀಪ ಹಸಿರಾದೊಡನೆ, ಎದುರು ನಿಂತವನು ಎಡಕ್ಕೆ ತಿರುಗುವ ಮೊದಲ ಗಾಡಿಗೆ ದಾರಿ ಬಿಟ್ಟು ಆಮೇಲೆ ಹೊರಡುವುದು ಒಂದು ಮರ್ಯಾದೆ. ಅಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುವುದರಿಂದ ಎಡಕ್ಕೆ ತಿರುಗುವುದು ಎಂದರೆ ಎದುರಿನವರಿಗೆ ಅಡ್ಡ ಬರುವುದು. ಊರಿನವನಿಗೆ ಅದು ದಾಕ್ಷಿಣ್ಯ. ಹೊರಗಿನಿಂದ ಬಂದವನ ಕಣ್ಣಿಗೆ ಶುದ್ಧ ಪುಂಡಾಟ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬ ನಮ್ಮ ಗಾದೆಯಲ್ಲಿ, ಪಕ್ಕದ ಊರಿನಿಂದ ಬಂದವನೇ ಎಲ್ಲೆಲ್ಲಿಯೂ ಪೋರ.

ಹಾಗಾದರೆ ಈ ಹಣೆಬರಹ ನಿಜವಾಗಿ ಹೇಳುವುದೇನು? ನಮ್ಮ ಮನೆಯ ಅಂಗಳವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು.

ನಮ್ಮ ಅಜ್ಜನವರು 1950ರ ಸುಮಾರಿಗೆ ಹುಮನಾಬಾದಿನಿಂದ ಹೈದರಾಬಾದಿಗೆ ನೌಕರಿಗೆ ಬಂದರು. ಆಗ ಬೀದರ, ಕಲಬುರಗಿ, ರಾಯಚೂರುಗಳೂ ಹೈದರಾಬಾದ್ ಸಂಸ್ಥಾನದವೇ ಆಗಿದ್ದುದರಿಂದ ಅಜ್ಜನವರು ತಮ್ಮ ರಾಜಧಾನಿಗೆ ಬಂದವರೇ ಹೊರತು ಪರರಾಜ್ಯಕ್ಕೆ ಬಂದವರಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕನ್ನಡ ಜಿಲ್ಲೆಗಳು ಮೈಸೂರಿಗೆ, ಮರಾಠಿ ಜಿಲ್ಲೆಗಳು ಮುಂಬಯಿಗೆ, ಹೈದರಾಬಾದು ಆಂಧ್ರಪ್ರದೇಶಕ್ಕೆ. ಅಜ್ಜನವರು ರಾತ್ರಿ ಮಲಗಿದ್ದ ಮಂಚದಲ್ಲಿಯೇ ಬೆಳಿಗ್ಗೆ ಎದ್ದರು; ಎದ್ದಾಗ ಹೊರರಾಜ್ಯದವರಾಗಿದ್ದರು. ಕರ್ನಾಟಕದವರು ನೀವು ಇಲ್ಲಿಗೆ ಯಾವಾಗ ಬಂದಿರಿ ಎಂದು ಯಾರಾದರೂ ಕೇಳಿದರೆ, "ನಾನು ಬರಲಿಲ್ಲಪ್ಪ, ಗಡಿ ಹೋಯಿತು" ಎನ್ನುತ್ತಿದ್ದರಂತೆ.

ಅಜ್ಜನವರಿಗೆ ಆದದ್ದೇ ಮೊಮ್ಮಕ್ಕಳ ಕಾಲದಲ್ಲಿ ಗಾಡಿಗಳಿಗೆ ಆಗಿದೆ. ತಂದೆಯವರ ಹಳೆಯ ಬಜಾಜ್ ಸ್ಕೂಟರು ಎ.ಪಿ. 11, ಅಂದರೆ ಅವಿಭಜಿತ ಆಂಧ್ರದ ಕಾಲದಲ್ಲಿ ಮಲಕಪೇಟೆಯ ಸಾರಿಗೆ ಕಚೇರಿ ಕೊಟ್ಟ ನಂಬರು. 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ನಾವು ಕೊಂಡ ಮೋಟಾರು ಸೈಕಲ್ಲು, ಅದೇ ಮಲಕಪೇಟೆಯ ಕಚೇರಿಯಿಂದ, ಟಿ.ಎಸ್. 11. 2024ರ ಮಾರ್ಚಿನಲ್ಲಿ ಸಂಕೇತವನ್ನು ಟಿ.ಜಿ. ಎಂದು ಬದಲಿಸಿದರು, ಮರುತಿಂಗಳು ತಮ್ಮ ಕೊಂಡ ಕಾರು, ಅದೇ ಕಚೇರಿ, ಟಿ.ಜಿ. 11. ಆ ವರ್ಷದ ಆರಂಭದಲ್ಲಿ ನಮ್ಮ ಮದುವೆಯಾಗಿ, ನಮ್ಮಾಕೆ ಕಲಬುರಗಿಯಿಂದ ತನ್ನ ಸ್ಕೂಟಿಯನ್ನೂ ತಂದಿದ್ದಳು, ಅದು ಕೆ.ಎ. 32. ಹೀಗೆ ಹತ್ತಡಿ ಅಗಲದ ಅಂಗಳದಲ್ಲಿ ನಾಲ್ಕು ನಂಬರುಗಳು ಸಾಲಾಗಿ ನಿಂತಾಗ, ಎದುರು ಮನೆಯ ಮಾಮಯ್ಯನವರು "ಇವತ್ತು ಏನು, ಅಂತರರಾಜ್ಯ ಸಮ್ಮೇಳನವೇ?" ಎಂದು ಕೇಳಿದರು. ಕಚೇರಿಯ ಜ್ಯೋತಿಷಿಗಳ ಶಾಸ್ತ್ರ ನಿಜವಾದರೆ, ನಮ್ಮ ತಂದೆಯವರು ಸಿನಿಮಾ ತೆಗೆಯಬೇಕು, ನಾವಿಬ್ಬರು ಅಣ್ಣತಮ್ಮಂದಿರು ರಸ್ತೆಯನ್ನು ಮಾವನ ಮನೆ ಮಾಡಿಕೊಳ್ಳಬೇಕು, ನಮ್ಮಾಕೆ ಹಸಿರು ದೀಪದ ಮುಂದೆ ಧ್ಯಾನಕ್ಕೆ ಕೂರಬೇಕು. ಒಂದೇ ಒಲೆಯ ಅನ್ನ ತಿಂದು ಹೊರಟವರಲ್ಲಿ ಇಷ್ಟು ಭೇದ ಎಲ್ಲಿಂದ ಬರಬೇಕು?

ಎರಡು ಅಕ್ಷರದ ಈ ರಾಜ್ಯ ಸಂಕೇತಗಳು 1988ರ ಮೋಟಾರು ವಾಹನ ಕಾಯಿದೆಯ ಕಾಲದವು. ಆ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂತು. ಗುಮಾಸ್ತರ ಕಣ್ಣಿನಿಂದ ನೋಡಿದರೆ ನಂಬರು ಫಲಕವೆಂಬುದು ಒಂದು ರಸೀತಿ. ಯಾವ ಕಚೇರಿಯಲ್ಲಿ, ಯಾವ ಕಾಲದಲ್ಲಿ ಈ ಗಾಡಿಯನ್ನು ದಾಖಲು ಮಾಡಿ ತೆರಿಗೆ ಕಟ್ಟಿಸಿಕೊಂಡರು ಎಂಬುದಕ್ಕೆ ಅದು ಸಾಕ್ಷಿ. ಬೆಂಗಳೂರಿಗೂ ಹೈದರಾಬಾದಿಗೂ ರಾತ್ರಿ ಓಡುವ ಮಲಗುವ ಬಸ್ಸುಗಳನ್ನು ನೋಡಿ. ಎಷ್ಟೋ ಬಸ್ಸುಗಳ ಮೇಲೆ ನಾಗಾಲ್ಯಾಂಡ್, ಅರುಣಾಚಲ ಪ್ರದೇಶಗಳ ನಂಬರು ಇರುತ್ತದೆ. ಆ ಬಸ್ಸು ಕೋಹಿಮಾದ ಬೆಟ್ಟ ಕಂಡದ್ದಿಲ್ಲ. ಓಡಿಸುವವರು ಕರ್ನೂಲಿನವರೋ ಚಿತ್ರದುರ್ಗದವರೋ ಆಗಿರುತ್ತಾರೆ. ಅಲ್ಲಿ ತೆರಿಗೆ ಹಗುರ, ಆದ್ದರಿಂದ ಹಣೆಬರಹ ಅಲ್ಲಿಯದು. 2021ರಲ್ಲಿ ಕೇಂದ್ರ ಸರ್ಕಾರದವರು ಊರೂರಿಗೆ ವರ್ಗವಾಗುವ ನೌಕರರಿಗೆಂದು ಬಿ.ಎಚ್. ಎಂಬ ಭಾರತ ಸರಣಿಯನ್ನು ತಂದರು. ಅಂಥ ಕಾರೊಂದು ನಮ್ಮ ಕಚೇರಿಯ ಮುಂದೆ ನಿಂತಾಗ ನಲ್ಗೊಂಡದ ಗೆಳೆಯರು ಅದನ್ನು ದೀರ್ಘವಾಗಿ ನೋಡಿ, "ಬಿಹಾರದವರು. ಓರೆಯಾಗಿ ನಿಲ್ಲಿಸಿದ್ದು ನೋಡಿದರೇ ತಿಳಿಯುತ್ತದೆ" ಎಂದು ತೀರ್ಪು ಕೊಟ್ಟರು. ಬಿಹಾರದ ಸಂಕೇತ ಬಿ.ಆರ್. ಎಂದು ನಾವು ಹೇಳಿದೆವು, ತೀರ್ಪು ಬದಲಾಗಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಊರು ಊರಿನ ಓಡಾಟದಲ್ಲಿ ಭೇದವೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಇದೆ, ಆದರೆ ಅದು ರಸ್ತೆಯಿಂದ ಬಂದದ್ದು, ರಕ್ತದಿಂದಲ್ಲ. ಹೈದರಾಬಾದಿನ ಬಹಳಷ್ಟು ಚೌಕಗಳಲ್ಲಿ ಎಡಕ್ಕೆ ತಿರುಗುವವರು ಕೆಂಪು ದೀಪಕ್ಕೆ ಕಾಯಬೇಕಿಲ್ಲ. ಇದಕ್ಕೆ ಇಲ್ಲಿ ಫ್ರೀ ಲೆಫ್ಟ್ ಎನ್ನುತ್ತಾರೆ. 2022ರ ಅಕ್ಟೋಬರಿನಲ್ಲಿ ನಗರದ ಪೊಲೀಸರು ಆಪರೇಷನ್ ರೋಪ್ ಎಂಬ ಕಾರ್ಯಕ್ರಮ ಹೂಡಿ, ಈ ಎಡದಾರಿಗೆ ಅಡ್ಡ ನಿಂತವರಿಗೆ 1000 ರೂಪಾಯಿ ದಂಡವನ್ನೂ ಗೊತ್ತುಮಾಡಿದರು. ಈ ಸೌಕರ್ಯ ಎಲ್ಲ ಊರಿನ ಎಲ್ಲ ಚೌಕದಲ್ಲಿಯೂ ಇಲ್ಲ. ರಾಯಚೂರಿನಿಂದ ಬಂದ ಬಡಪಾಯಿ, ಕೆಂಪು ದೀಪ ಕಂಡೊಡನೆ ಶಿಸ್ತಿನಿಂದ ಎಡಬದಿಯಲ್ಲಿ ನಿಲ್ಲುತ್ತಾನೆ. ಹಿಂದಿನಿಂದ ಇಪ್ಪತ್ತು ಹಾರನ್ನುಗಳು ಒಮ್ಮೆಲೇ ಕೂಗುತ್ತವೆ. ಅವನು ತನ್ನ ಗಾಡಿಗೆ ಬೆಂಕಿ ಹತ್ತಿತೋ ಏನೋ ಎಂದು ಇಳಿದು ನೋಡುತ್ತಾನೆ. ಕಾನೂನು ಪಾಲಿಸಿದ್ದೇ ಅವನ ಅಪರಾಧ, "ಕೆ.ಎ.ಯವರು ನಿದ್ದೆ ಮಾಡುತ್ತಾರೆ" ಎಂಬ ಶಾಸನ ಹುಟ್ಟಿದ್ದು ಹೀಗೆ.

ಇನ್ನು ನಮ್ಮವರ ಮೇಲಿನ ದೂರು. ಈಚಿನ ವರ್ಷಗಳಲ್ಲಿ ಇಲ್ಲಿ ಅನೇಕ ಚೌಕಗಳನ್ನು ಮುಚ್ಚಿ, ಮುಂದೆ ಹೋಗಿ ಯೂ ಟರ್ನ್ ಮಾಡಿ ಬರುವಂತೆ ಏರ್ಪಾಡು ಮಾಡಿದ್ದಾರೆ. ಎದುರಿಗೇ ಕಾಣುವ ಮನೆಗೆ ಹೋಗಲು ಒಂದು ಪ್ರದಕ್ಷಿಣೆ ಹಾಕಬೇಕು. ಪೆಟ್ರೋಲಿನ ಬೆಲೆಯನ್ನೂ ಕಾಯುತ್ತಿರುವ ಹೆಂಡತಿಯನ್ನೂ ನೆನೆದ ಮನುಷ್ಯ ಮೆಲ್ಲಗೆ ಎದುರು ದಿಕ್ಕಿನಲ್ಲಿ ನುಸುಳುತ್ತಾನೆ. ಇದಕ್ಕೆ ಇಲ್ಲಿಯ ಹೆಸರು ರಾಂಗ್ ರೂಟ್. ಅದು ತಪ್ಪು, ಅಪಾಯಕಾರಿ ಕೂಡ. ಆದರೆ ಅದು ತೆಲಂಗಾಣದ ಮಣ್ಣಿನ ಗುಣವಲ್ಲ. ಅಷ್ಟೇ ದೂರದ ತಿರುವನ್ನು ಧಾರವಾಡದಲ್ಲಿಟ್ಟರೆ ಧಾರವಾಡದವರೂ ನುಸುಳಿಯಾರು. ಸಾಕ್ಷಿ ಬೇಕಾದರೆ ದಂಡದ ರಿಯಾಯಿತಿಯ ಕಥೆ ನೋಡಿ. 2022ರ ಮಾರ್ಚಿನಲ್ಲಿ ತೆಲಂಗಾಣ ಪೊಲೀಸರು ದ್ವಿಚಕ್ರ ವಾಹನಗಳ ಬಾಕಿ ದಂಡದಲ್ಲಿ ಶೇಕಡಾ 75 ಬಿಟ್ಟುಕೊಟ್ಟರು. ಜನ ಮುಗಿಬಿದ್ದು ಕಟ್ಟಿದರು. 2023ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಶೇಕಡಾ 50 ಬಿಟ್ಟರು. ಅಲ್ಲಿಯೂ ಮುಗಿಬಿದ್ದು ಕಟ್ಟಿದರು. ದಂಡ ಬಾಕಿ ಇಡುವುದರಲ್ಲಿ, ರಿಯಾಯಿತಿ ಬಂದಾಗ ಸಾಲು ನಿಲ್ಲುವುದರಲ್ಲಿ, ಎರಡು ರಾಜ್ಯಗಳ ಸಂಸ್ಕೃತಿಯಲ್ಲಿ ಕೂದಲೆಳೆಯ ಭೇದವೂ ನಮಗೆ ಕಾಣಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ಎತ್ತಿ ತೋರಿಸುವ ಚಾಳಿ ಮಾತ್ರ ಎಲ್ಲ ರಾಜ್ಯಗಳಲ್ಲಿಯೂ ಸಮನಾಗಿ ಹಂಚಿಹೋಗಿದೆ.

ನಗೆಯ ಮಾತು ಎಷ್ಟಾದರೂ ಆಡಬಹುದು; ಅದು ಮನೆಯೊಳಗೆ ಬಂದಾಗ ಬೇರೆಯಾಗುತ್ತದೆ. ನಮ್ಮಾಕೆ ಆ ಸ್ಕೂಟಿಯನ್ನು ಕಲಬುರಗಿಯಲ್ಲಿ ಆರು ವರ್ಷ ಓಡಿಸಿದವಳು. ಇಲ್ಲಿಗೆ ಬಂದು ಒಂದು ತಿಂಗಳಾಗಿರಬಹುದು. ಒಂದು ಸಂಜೆ ಮಾರುಕಟ್ಟೆಯಿಂದ ಬಂದವಳು ಕಾಯಿಪಲ್ಲೆಯ ಚೀಲ ಇಟ್ಟು ಸುಮ್ಮನೆ ಕುಳಿತಳು. ಏನಾಯಿತೆಂದು ಕೇಳಿದರೆ, "ಏನಿಲ್ರಿ. ದಿಲ್‌ಸುಖ್‌ನಗರದಾಗ ಒಬ್ಬಾವ ಬಾಜೂಕ ಬಂದು, ಊರಿಗಿ ಹೋಗಿ ಗಾಡಿ ಕಲ್ತು ಬಾ ಅಂದ. ನನ್ನ ಮುಖ ನೋಡ್ಲಿಲ್ರಿ ಅವ, ನಂಬರ ನೋಡಿ ಅಂದ" ಎಂದಳು. ಹೊಸ ಊರು, ಹೊಸ ಭಾಷೆ, ಹೊಸ ಮನೆ. ಎಲ್ಲದರ ನಡುವೆ ತವರಿನದೆಂದು ಇದ್ದದ್ದು ಆ ಸ್ಕೂಟಿ ಒಂದು. ಅದರ ಹಣೆಯ ಮೇಲಿನ ಅಕ್ಷರವೇ ಬೈಗುಳಕ್ಕೆ ಗುರಿಯಾದರೆ ಮನಸ್ಸಿಗೆ ಹೇಗಾಗಬೇಡ? ಮರುದಿನದಿಂದ ಎರಡು ವಾರ ಆಕೆ ಸ್ಕೂಟಿ ಮುಟ್ಟಲಿಲ್ಲ. ಸಿಟಿ ಬಸ್ಸಿನಲ್ಲಿ ಹೋಗಿ ಬಂದಳು.

ಕಾನೂನು ಇನ್ನೊಂದು ಕಡೆಯಿಂದ ಜಗ್ಗುತ್ತಿತ್ತು. ಒಂದು ರಾಜ್ಯದ ಗಾಡಿಯನ್ನು ಮತ್ತೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರು ಮಾಡಿಸಬೇಕು. ಸರ್ಕಾರಿ ನೌಕರರಾದ ನಾವು ಅವಧಿಯೊಳಗೆ ಮುಗಿಸೋಣವೆಂದು ಕಾಗದಪತ್ರ ಹೊಂದಿಸಿದೆವು: ಕಲಬುರಗಿಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಇಲ್ಲಿಯ ಆಜೀವ ತೆರಿಗೆ, ವಿಮೆ, ವಿಳಾಸದ ಪುರಾವೆ. ನಮ್ಮಾಕೆಗೆ ಮಾತ್ರ ಮನಸ್ಸಿಲ್ಲ. "ಅಪ್ಪಾಜಿ ಕೊಡಿಸಿದ ಗಾಡಿ ಅದ. ಹೆಸರೂ ಬದಲಾತು, ಊರೂ ಬದಲಾತು, ಈಗ ಅದರದ್ದೂ ಬದಲ ಮಾಡ್ತೀರೇನ್ರಿ?" ಎಂದಳು. ಇದಕ್ಕೆ ಉತ್ತರ ಮೋಟಾರು ವಾಹನ ಕಾಯಿದೆಯಲ್ಲಿಲ್ಲ.

ಈ ನಡುವೆ ದೀಪಾವಳಿ ಬಂತು. ತಮ್ಮನ ಹೊಸ ಕಾರಿನಲ್ಲಿ ಎಲ್ಲರೂ ಕಲಬುರಗಿಗೆ ಹೋದೆವು. ಜಗತ್ ವೃತ್ತದ ಹತ್ತಿರ ಹಬ್ಬದ ಸಂತೆ, ತಮ್ಮ ಕಾರನ್ನು ಹಿಂದೆ ಮುಂದೆ ಮಾಡುತ್ತಿದ್ದಾಗ ಹಣ್ಣಿನ ಬಂಡಿಯ ಪಕ್ಕದಲ್ಲಿ ನಿಂತಿದ್ದ ತರುಣನೊಬ್ಬ ತನ್ನ ಜೊತೆಗಾರನಿಗೆ, ನಮಗೆ ಕನ್ನಡ ಬಾರದೆಂಬ ಧೈರ್ಯದಿಂದ, ಗಟ್ಟಿಯಾಗಿಯೇ ಹೇಳಿದ: "ಆಂಧ್ರದ ಗಾಡಿ ಬಂತು ನೋಡಲೇ. ಇವ್ರಿಗಿ ರೋಡ್ ಅಂದ್ರ ಇವ್ರಪ್ಪನ ಹೊಲ ಆದಂಗ ಅದ." ನಮ್ಮಾಕೆ ಗಾಜು ಇಳಿಸಿ, "ರೋಡ್ ನಮ್ಮಪ್ಪಂದಲ್ಲ ಅಣ್ಣಾ. ಹೊಲ ಮಾತ್ರ ಅವರ್ದ ಅದ, ಇಲ್ಲೇ ಸೇಡಂ ರಸ್ತಾದಾಗ" ಎಂದಳು. ಆ ತರುಣ ನಾಲಗೆ ಕಚ್ಚಿಕೊಂಡ. ಕೂಡಲೇ ತಾನೇ ಮುಂದೆ ನಿಂತು ಕೈ ಬೀಸಿ ಕಾರು ತಿರುಗಿಸಲು ನೆರವಾದ. ಬೇಡವೆಂದರೂ ಎರಡು ಸೀತಾಫಲ ಕೊಟ್ಟ. ಟಿ.ಜಿ. ನಂಬರನ್ನು ಆಂಧ್ರವೆಂದದ್ದನ್ನು ನಲ್ಗೊಂಡದ ಗೆಳೆಯರು ಕೇಳಿದ್ದರೆ ಅಲ್ಲಿಯೇ ಇನ್ನೊಂದು ಯುದ್ಧವಾಗುತ್ತಿತ್ತು. ಅದೇನೇ ಇರಲಿ, ಹೈದರಾಬಾದಿನಲ್ಲಿ ನಾವು ಕರ್ನಾಟಕದವರು, ಕರ್ನಾಟಕದಲ್ಲಿ ಆಂಧ್ರದವರು ಎಂಬುದು ಅಂದು ಇತ್ಯರ್ಥವಾಯಿತು.

ಮರಳಿ ಬಂದ ಮೇಲೆ ನಮ್ಮಾಕೆ ತಾನಾಗಿಯೇ ಹೇಳಿದಳು: "ಹೋಗ್ಲಿ ಬಿಡ್ರಿ, ಬದಲ ಮಾಡಸ್ರಿ. ಎಲ್ಲಿ ಹೋದ್ರೂ ಯಾರರ ಏನರ ಅಂತಾರ." ಆ ಡಿಸೆಂಬರಿನಲ್ಲಿ ಕೆ.ಎ. 32 ಹೋಗಿ ಟಿ.ಜಿ. 11 ಆಯಿತು. ಒಂದು ವಾರದ ಮೇಲೆ, "ನೋಡ್ರಿ, ಮೊನ್ನಿ ತನಕ ನಂಗ ಗಾಡಿ ಹೊಡ್ಯಾಕ ಬರ್ತಿದ್ದಿಲ್ಲ. ಈಗ ಒಮ್ಮೆಲೆ ಬರ್ಲತ್ತದ!" ಎಂದು ನಕ್ಕಳು. ಓಡಿಸುವ ಕೈ ಅದೇ, ವೇಗ ಅದೇ, ದಾರಿ ಅದೇ. ಹಿಂದಿನಿಂದ ಕೂಗುವವರು ಮಾತ್ರ ಇಲ್ಲವಾದರು. ಆ ನಗೆಯಲ್ಲಿ ಪೂರ್ತಿ ನಗೆ ಇರಲಿಲ್ಲವೆಂದು ನಮಗೆ ಗೊತ್ತು.

ಬೈಗುಳ ಸಹಿಸಬಹುದು. ಆದರೆ ಈ ಚಾಳಿಯಿಂದ ಇನ್ನೊಂದು ಹಾನಿಯಿದೆ: ಅಪರಾಧವನ್ನು ಪಕ್ಕದ ರಾಜ್ಯದವರ ತಲೆಗೆ ಕಟ್ಟಿದರೆ ನಮ್ಮ ಕಾಲು ಒತ್ತುತ್ತಿರುವ ವೇಗ ನಮಗೆ ಕಾಣುವುದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಆ ಸಾವುಗಳಲ್ಲಿ ಶೇಕಡಾ 71ರಷ್ಟಕ್ಕೆ ಅತಿವೇಗ ಕಾರಣ. ಅತಿವೇಗಕ್ಕೆ ಮಾತೃಭಾಷೆಯಿಲ್ಲ.

ಇದನ್ನು ನಾವು ಕಣ್ಣಾರೆ ಕಂಡೆವು. ಅದೇ 2024ರ ಶ್ರಾವಣದಲ್ಲಿ, ತವರಿಗೆ ಹೋಗಿದ್ದ ನಮ್ಮಾಕೆಯನ್ನು ಕರೆತರಲು ಇಮ್ಲಿಬನ್ ನಿಲ್ದಾಣದಿಂದ ಕಲಬುರಗಿಯ ಬಸ್ಸು ಹಿಡಿದಿದ್ದೆವು. ಪುಣೆಯಿಂದ ಹೈದರಾಬಾದಿನ ಮೇಲೆ ಮಚಲೀಪಟ್ಟಣಕ್ಕೆ ಹೋಗುವ 65ನೆಯ ಹೆದ್ದಾರಿ. ಜಹೀರಾಬಾದ್ ದಾಟಿ ಗಡಿ ಹತ್ತಿರ ಬಂದಿತ್ತು. ಜಿಟಿಜಿಟಿ ಮಳೆ. ಮುಂದೆ ಗಾಡಿಗಳು ನಿಂತಿದ್ದವು. ನಮ್ಮ ಬಸ್ಸೂ ನಿಂತಿತು. ಇಳಿದು ನೋಡಿದರೆ, ಮೋಟಾರು ಸೈಕಲ್ಲಿನ ಹುಡುಗನೊಬ್ಬ ಜಾರಿ ಬಿದ್ದಿದ್ದ. ತಲೆಗೆ ಹೆಲ್ಮೆಟ್ ಇತ್ತು, ಪುಣ್ಯ. ಕಾಲು ಮುರಿದು ರಕ್ತ ಹರಿಯುತ್ತಿತ್ತು. ಎಲ್ಲರಿಗಿಂತ ಮೊದಲು ನಿಂತಿದ್ದದ್ದು ಸೊಲ್ಲಾಪುರದ ಒಂದು ಲಾರಿ, ಎಂ.ಎಚ್. 13. ನಮ್ಮ ಕಚೇರಿಯಲ್ಲಿ ಸರ್ವಾನುಮತದಿಂದ ಖಂಡಿತವಾದ ಜಾತಿಯದು. ಅದರ ಚಾಲಕ ಲಾರಿಯನ್ನು ರಸ್ತೆಗೆ ಅಡ್ಡವಾಗಿ ನಿಲ್ಲಿಸಿ, ಹಿಂದಿನಿಂದ ಬರುವ ಗಾಡಿಗಳು ಹುಡುಗನ ಮೇಲೆ ಹರಿಯದಂತೆ ಗೋಡೆ ಮಾಡಿದ್ದ. ತನ್ನ ತಾಡಪತ್ರಿಯ ತುದಿಯನ್ನು ಎಳೆದು ಮಳೆಗೆ ಹಿಡಿದಿದ್ದ. ಬೀದರಿನ ಜೀಪಿನವರು ತಮ್ಮ ಧೋತರ ಹರಿದು ಕಾಲಿಗೆ ಬಿಗಿದರು. ನಮ್ಮ ಬಸ್ಸಿನಲ್ಲಿದ್ದ ಜಹೀರಾಬಾದಿನ ಒಬ್ಬ ತಾಯಿ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತೆಲುಗಿನಲ್ಲಿ ಸಮಾಧಾನ ಹೇಳುತ್ತಿದ್ದರು. ಅವನಿಗೆ ತಿಳಿಯಿತೋ ಇಲ್ಲವೋ, ಆ ದನಿಗೆ ಶಾಂತನಾಗಿ ಮಲಗಿದ್ದ. ನಾವು 108ಕ್ಕೆ ಫೋನು ಮಾಡಿ ಜಾಗ ಹೇಳಿದೆವು. ಆ 108ರ ಸೇವೆ 2005ರಲ್ಲಿ ಹೈದರಾಬಾದಿನಲ್ಲಿ ಆರಂಭವಾದದ್ದು. 2008ರಿಂದ ಕರ್ನಾಟಕದಲ್ಲಿಯೂ ಇದೆ. ನಂಬರುಗಳಲ್ಲೆಲ್ಲ ಗಡಿಯ ಎರಡೂ ಕಡೆ ಒಂದೇ ಅರ್ಥ ಕೊಡುವ ನಂಬರು ಅದೊಂದೇ ಎಂದು ಅಂದು ತೋರಿತು.

ಆ ಅರ್ಧ ಗಂಟೆ ಅಲ್ಲಿ ಮೂವತ್ತು ಜನ ಸೇರಿದ್ದರೂ, ಹುಡುಗ ಯಾವ ಕಡೆಯವನು, ಆ ಕಡೆಯವರು ಓಡಿಸುವುದೇ ಹೀಗೆ ಎಂಬ ಮಾತು ಒಬ್ಬರ ಬಾಯಿಯಿಂದಲೂ ಬರಲಿಲ್ಲ. ಕಾರಣ ನಮಗೆ ಆಮೇಲೆ ಹೊಳೆಯಿತು. ಬಿದ್ದ ಮೋಟಾರು ಸೈಕಲ್ಲಿನ ನಂಬರು ಫಲಕಕ್ಕೆ ದಪ್ಪ ಕೆಸರು ಮೆತ್ತಿತ್ತು. ಓದಲು ಏನೂ ಇರಲಿಲ್ಲವಾದ್ದರಿಂದ ಎಲ್ಲರೂ ಹುಡುಗನನ್ನೇ ನೋಡಿದರು. ಆಂಬುಲೆನ್ಸು ಅವನನ್ನು ಕರೆದುಕೊಂಡು ಹೋದ ಮೇಲೆ ಪೊಲೀಸಿನವರು ಬಂದು, ಬರೆದುಕೊಳ್ಳಲು ಫಲಕವನ್ನು ಒರೆಸತೊಡಗಿದರು. ಅಷ್ಟರಲ್ಲಿ ನಮ್ಮ ಬಸ್ಸು ಹೊರಟಿತು. ಅವನು ಎಲ್ಲಿಯವನೆಂದು ನಮಗೆ ಇಂದಿಗೂ ತಿಳಿಯದು. ಎಲ್ಲಿದ್ದರೂ ಎರಡು ಕಾಲಿನ ಮೇಲೆ ನಡೆದಾಡುತ್ತಿರಲಿ.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಬಹುಶಃ ಎಲ್ಲರೂ ಒಂದಲ್ಲ ಒಂದು ದಿನ ಹೊರಗಿನ ನಂಬರಿನವರಾಗಿದ್ದೇವೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಕಾರ್ಯಕ್ರಮಕ್ಕೆ ಬರುವ ನೆಂಟರು, ಮಕ್ಕಳನ್ನು ನೃಪತುಂಗ ಶಾಲೆಗೆ ಸೇರಿಸಲು ಬರುವ ಹೊಸ ಸಂಸಾರದವರು ದಾರಿ ತಪ್ಪಿ ಚೌಕದಲ್ಲಿ ನಿಂತದ್ದನ್ನು ನಾವು ಕಂಡಿದ್ದೇವೆ. ಹೊರಗಿನ ನಂಬರು ಹೇಳುವ ನಿಜವಾದ ಸಂಗತಿ ಬಹುಮಟ್ಟಿಗೆ ಒಂದೇ: ಇವರಿಗೆ ಈ ಊರಿನ ದಾರಿ ತಿಳಿಯದೆ ಇರಬಹುದು. ಮನೆಯ ಬಾಗಿಲಿಗೆ ಬಂದವರಿಗೆ ಕಾಲಿಗೆ ನೀರು ಕೊಡುವ ಜನ ನಾವು. ಚೌಕಕ್ಕೆ ಬಂದವರಿಗೆ ಒಂದು ಗಾಡಿಯ ಜಾಗ ಬಿಟ್ಟು, ಹತ್ತು ಎಣಿಸುವಷ್ಟು ಹೊತ್ತು ಹಾರನ್ನಿನಿಂದ ಕೈ ತೆಗೆದರೆ ಗಂಟೇನೂ ಕರಗದು. ನಮ್ಮಾಕೆ ಈಗ ದಿಲ್‌ಸುಖ್‌ನಗರದ ಆ ಚೌಕದಲ್ಲಿ ಕೆ.ಎ., ಎ.ಪಿ., ಎಂ.ಎಚ್. ಯಾವ ಗಾಡಿ ತಡವರಿಸಿದರೂ ಸ್ಕೂಟಿ ನಿಲ್ಲಿಸಿ, "ಎಡಕ್ಕ ಹೋಗ್ರಿ, ಫ್ರೀ ಅದ" ಎಂದು ಕೈ ತೋರಿಸುತ್ತಾಳೆ. ಹಿಂದಿನವರು ಹಾರನ್ ಹೊಡೆಯುತ್ತಾರೆ. ಹೊಡೆಯಲಿ ಬಿಡಿ, ಟಿ.ಜಿ. ನಂಬರಿಗೆ ಅಷ್ಟು ಅಧಿಕಾರವಾದರೂ ಬೇಡವೇ?